ಹತ್ತನೇ ಕ್ಲಾಸಿನ ಕೊನೆಯ ವಾರಗಳಿಂದ ಏನು ಎತ್ತಿಡಬೇಕು?

ಮಗಳು ಈ ಸಲ ಎಸ್ಸೆಸ್ಸೆಲ್ಸಿ, ಶಾಲೆ ಮುಗಿಯೋ ಮುಂಚೆ ಅವಳಿಗಾಗಿ ಏನೇನು ಎತ್ತಿಡಲಿ, ನಿಮ್ಮ ಹತ್ತಿರ ಏನು ಉಳಿದಿದೆ ಅಂತ ಕೇಳಿದ್ದೀರಿ. ನನ್ನ ಹತ್ತಿರ ಉಳಿದಿರೋದು ಒಂದು ಆಟೋಗ್ರಾಫ್ ಪುಸ್ತಕ, ಒಂದು ಗ್ರೂಪ್ ಫೋಟೋ. ಅಷ್ಟೇ. ಹಾಲ್ ಟಿಕೆಟ್ ಎಲ್ಲಿ ಹೋಯಿತೋ ಗೊತ್ತಿಲ್ಲ. ಮಾರ್ಕ್ಸ್ ಕಾರ್ಡ್ ಇದೆ, 625ಕ್ಕೆ ಎಷ್ಟು ಅಂತ ಮಾತ್ರ ಕೇಳಬೇಡಿ.

ನಾನು ಓದಿದ್ದು ದಾವಣಗೆರೆಯ ಒಂದು ಸರ್ಕಾರಿ ಹೈಸ್ಕೂಲಲ್ಲಿ. ಪರೀಕ್ಷೆ ಬರೆದದ್ದು 1998ರಲ್ಲಿ. ಹಿಂದಿನ ವರ್ಷ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆ ಆಗಿತ್ತು. ಅಲ್ಲಿಯವರೆಗೆ ನಮ್ಮದು ಚಿತ್ರದುರ್ಗ ಜಿಲ್ಲೆ. ಆ ವರ್ಷ ಒಟ್ಟು ಏಳು ಹೊಸ ಜಿಲ್ಲೆ ಆಗಿ, ರಾಜ್ಯದಲ್ಲಿ 20 ಇದ್ದದ್ದು 27 ಆಯಿತು. ನಮ್ಮ ಸಮಾಜ ಪುಸ್ತಕದಲ್ಲಿ ಮಾತ್ರ ಇನ್ನೂ 20. ಪರೀಕ್ಷೆಯಲ್ಲಿ ಎಷ್ಟು ಅಂತ ಬರೆಯೋದು ಅಂತ ಕ್ಲಾಸಲ್ಲಿ ದೊಡ್ಡ ಜಗಳ. "27 ಅಂತಾನೇ ಬರೀರಿ, ತಪ್ಪು ಹಾಕಿದರೆ ನನ್ನ ಕೇಳಿ" ಅಂದರು ಮೇಷ್ಟ್ರು. ಆ ಪ್ರಶ್ನೆ ಬರಲೇ ಇಲ್ಲ.

ಪ್ರಿಪರೇಟರಿ ಪರೀಕ್ಷೆ ಮುಗಿದ ಮೇಲೆ ಎಲ್ಲರ ಕೈಯಲ್ಲೂ ಆಟೋಗ್ರಾಫ್ ಪುಸ್ತಕ. ಬಣ್ಣಬಣ್ಣದ ಹಾಳೆ. ಗುಲಾಬಿ ಹಾಳೆ ತೀರಾ ಹತ್ತಿರದವರಿಗೆ, ಹಳದಿ ಹಾಳೆ ಸುಮಾರಿನವರಿಗೆ. ಯಾರಿಗೆ ಯಾವ ಬಣ್ಣ ಕೊಟ್ಟಳು ಅನ್ನೋದಕ್ಕೇ ಇಬ್ಬರು ವಾರಗಟ್ಟಲೆ ಮಾತು ಬಿಟ್ಟಿದ್ದರು. ಎಲ್ಲರಿಂದಲೂ ಒಳ್ಳೆ ಕವನ ಬರೆಸಿಕೊಳ್ಳಬೇಕು ಅನ್ನೋ ಹುಚ್ಚು ನನಗೂ ಇತ್ತು. ಈಗ ತೆಗೆದು ನೋಡಿದರೆ ನಗು ಬರುತ್ತದೆ. ಮಲ್ಲಿಗೆ ಬಾಡಿದರೂ ಪರಿಮಳ ಬಾಡದು, ಗೆಳತಿ ದೂರಾದರೂ ನೆನಪು ದೂರಾಗದು. ಇದೇ ಧಾಟಿಯಲ್ಲಿ ಹನ್ನೊಂದು ಜನ ಬರೆದಿದ್ದಾರೆ. ಮಲ್ಲಿಗೆ ಹೋಗಿ ಗುಲಾಬಿ, ಗುಲಾಬಿ ಹೋಗಿ ಸಂಪಿಗೆ. ಒಬ್ಬಳಿಂದ ಒಬ್ಬಳು ಕಾಪಿ ಹೊಡೆದದ್ದು. ಬರೆದವರ ಮುಖ ಅದರಲ್ಲಿ ಕಾಣೋದೇ ಇಲ್ಲ.

ಕವನ ಇಲ್ಲದ ಪುಟ ಒಂದೇ ಒಂದು. ನಾನು ಜಾಸ್ತಿ ತೆಗೆದು ನೋಡಿದ್ದು ಅದನ್ನೇ.

ಅದನ್ನು ಬರೆದವಳು ಹಾಸ್ಟೆಲ್ಲಿಂದ ಬರುತ್ತಿದ್ದ ಹುಡುಗಿ. ಊರು ಹರಪನಹಳ್ಳಿ ತಾಲೂಕಿನ ಒಂದು ಹಳ್ಳಿ. ಸೆಂಡಾಫ್ ಮುಗಿಸಿ ಇಬ್ಬರೂ ಮಂಡಕ್ಕಿ ಅಂಗಡಿಗೆ ಹೋಗಿದ್ದೆವು. ಒಂಬತ್ತನೇ ಕ್ಲಾಸಿನವರು ಕೊಟ್ಟ ಲಾಡು ಬ್ಯಾಗಲ್ಲೇ ಪುಡಿಯಾಗಿತ್ತು. ಒಂದು ಪ್ಲೇಟ್ ಮಂಡಕ್ಕಿ, ಎರಡು ಮಿರ್ಚಿ. ಪುಸ್ತಕ ಮುಂದಿಟ್ಟೆ. ಗುಲಾಬಿ ಹಾಳೆಯನ್ನೇ ತೆಗೆದುಕೊಟ್ಟಿದ್ದೆ. "ಕವನ ಗಿವನ ನಂಗ್ ಬರಂಗಿಲ್ಲ ನೋಡು" ಅಂದು, ಮಿರ್ಚಿ ತಿಂದ ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಬರೀ ಅಡ್ರೆಸ್ ಬರೆದಳು. ಅಪ್ಪನ ಹೆಸರು, ಕಿರಾಣಿ ಅಂಗಡಿ ಪಕ್ಕ, ಅಂಚೆ, ತಾಲೂಕು, ಬಳ್ಳಾರಿ ಜಿಲ್ಲೆ. "ಏಯ್, ಈಗ ನೀವೂ ನಮ್ಮ ಜಿಲ್ಲೆನೇ ಅಲ್ವಾ?" ಅಂದೆ. ಬಳ್ಳಾರಿಗೆ ಗೀಟು ಹೊಡೆದು ದಾವಣಗೆರೆ ಅಂತ ಬರೆದಳು. ಆಮೇಲೆ ಏನೋ ನೆನಪಾದ ಹಾಗೆ, "ಕಾಗದ ಹಾಕೋದಾದ್ರೆ ಬಳ್ಳಾರಿ ಅಂತಾನೇ ಹಾಕು. ನಮ್ಮೂರ ಪೋಸ್ಟ್‌ಮನ್‌ಗೆ ಅದೇ ಗೊತ್ತಿರೋದು" ಅಂದಳು. ಒರೆಸಿಕೊಂಡರೂ ಹೆಬ್ಬೆರಳಿಗೆ ಎಣ್ಣೆ ಉಳಿದಿತ್ತು. ಆ ಮೂಲೆಯಲ್ಲಿ ಹಾಳೆ ಇವತ್ತಿಗೂ ಪಾರದರ್ಶಕ. ಹಿಂದಿನ ಪುಟದ ಮಲ್ಲಿಗೆ ಕವನ ಅದರೊಳಗಿಂದ ತಿರುಗುಮುರುಗಾಗಿ ಕಾಣುತ್ತದೆ.

ರಿಸಲ್ಟ್ ಬಂದ ಮೇಲೆ ಒಂದು ಇನ್‌ಲ್ಯಾಂಡ್ ಲೆಟರ್ ಹಾಕಿದೆ, ಬಳ್ಳಾರಿ ಅಂತಲೇ. ಉತ್ತರ ಬಂತು. ಪಾಸಾಗಿದ್ದಳು, ಆದರೆ ಕಾಲೇಜಿಗೆ ಕಳಿಸ್ತಾರೋ ಇಲ್ಲವೋ, ಮನೆಯಲ್ಲಿ ಗಂಡು ನೋಡ್ತಿದ್ದಾರೆ ಅಂತ ಬರೆದಿದ್ದಳು. ನನ್ನ ಎರಡನೇ ಕಾಗದಕ್ಕೆ ಉತ್ತರ ಬರಲಿಲ್ಲ. ಬಸ್ಸು ಹತ್ತಿದ್ದರೆ ಅವತ್ತೇ ಹೋಗಿ ಅವತ್ತೇ ಬರಬಹುದಿತ್ತು. ಹೋಗಲಿಲ್ಲ.

ಫೋಟೋದ ಕತೆಯನ್ನೂ ಹೇಳಿಬಿಡುತ್ತೇನೆ. ಹಿಂದಿನ ಸಾಲಿನವರು ಬೆಂಚಿನ ಮೇಲೆ, ಮುಂದಿನವರು ನೆಲದ ಮೇಲೆ. ಸ್ಟುಡಿಯೋದವನು ಒಂದೇ ಸಲ ಕ್ಲಿಕ್ ಮಾಡಿ ಹೊರಟುಹೋದ. ನನ್ನ ಅರ್ಧ ಮುಖ ಮುಂದಿದ್ದವಳ ಜಡೆ ಹಿಂದೆ ಹೋಗಿದೆ. ಅದಿರಲಿ, ಹಿಂಬದಿಯಲ್ಲಿ ಹೆಸರು ಬರೆದಿಡೋ ಬುದ್ಧಿ ಬರಲಿಲ್ಲ. ಈಗ ಮೂರನೇ ಸಾಲಲ್ಲಿ ಆರು ಜನರ ಹೆಸರೇ ಹೊಳೆಯೋದಿಲ್ಲ. ಮಗಳ ಫೋಟೋ ಮನೆಗೆ ಬಂದ ದಿನವೇ ಕೂರಿಸಿಕೊಂಡು ಸಾಲುಸಾಲಾಗಿ ಹೆಸರು ಬರೆಸಿ. ಪೆನ್ಸಿಲ್ ಸಾಕು, ಇಂಕು ಈಚೆ ಬದಿಗೆ ಇಳಿಯುತ್ತದೆ.

ಇಂಕು ಅಂದಾಗ ನೆನಪಾಯಿತು. ಕೊನೆ ಪೇಪರ್ ದಿನ ಹುಡುಗರು ಪೆನ್ನು ಕೊಡವಿ ಎಲ್ಲರ ಬೆನ್ನು ನೀಲಿ ಮಾಡಿದ್ದರು. ಅವ್ವ ನಿಂಬೆಹಣ್ಣು, ಉಪ್ಪು ಹಾಕಿ ತಿಕ್ಕಿ ತಿಕ್ಕಿ ಸಾಕಾಗಿ, ನನ್ನ ಬಿಳಿ ಬ್ಲೌಸನ್ನು ಒರೆಸೋ ಬಟ್ಟೆ ಮಾಡಿದಳು. ಅದನ್ನು ಕೇಳಿ ಇಸ್ಕೋಬೇಕಿತ್ತು ಅಂತ ಈಗ ಅನಿಸುತ್ತದೆ.

ಇನ್ನು ಆಟೋಗ್ರಾಫ್ ಪುಸ್ತಕ ಕೊಡಿಸೋದಾದರೆ, ಕವನ ಯಾರು ಬೇಕಾದರೂ ಬರೆಯಲಿ, ಮನೆ ಅಡ್ರೆಸ್ ಮಾತ್ರ ಅವರವರ ಕೈಯಲ್ಲೇ ಬರೆಸಿಕೊಳ್ಳೋಕೆ ಹೇಳಿ. ಮೊಬೈಲ್ ನಂಬರ್ ಮೂರು ವರ್ಷಕ್ಕೆ ಬದಲಾಗುತ್ತದೆ. ಅಡ್ರೆಸ್ಸೂ ಬದಲಾಗಲ್ವಾ ಅಂದರೆ, ಆಗುತ್ತದೆ. ಹರಪನಹಳ್ಳಿ ಆಮೇಲೆ ವಾಪಸ್ ಬಳ್ಳಾರಿಗೆ ಹೋಯಿತು. 2021ರಲ್ಲಿ ಹೊಸದಾಗಿ ಆದ ವಿಜಯನಗರ ಜಿಲ್ಲೆಗೆ ಸೇರಿತು. ಪೇಪರಲ್ಲಿ ಓದಿದ ದಿನ ಆ ಗುಲಾಬಿ ಹಾಳೆ ತೆಗೆದು, ಗೀಟು ಹೊಡೆದ ಬಳ್ಳಾರಿ, ಅದರ ಪಕ್ಕದ ದಾವಣಗೆರೆ, ಎರಡರ ಕೆಳಗೆ ವಿಜಯನಗರ ಅಂತ ಬರೆದೆ. ಪೆನ್ಸಿಲ್ಲಲ್ಲಿ. ಮತ್ತೆ ಬದಲಾದರೆ ಅಳಿಸಬಹುದಲ್ಲ.