ಕಣ್ಣಿನೊಳಗಿನ ಸಿಲಿಕಾನ್ ಎಣ್ಣೆಯನ್ನು ತೆಗೆಸಲೇಬೇಕೇ?

ಅಕ್ಷಿಪಟಲ (ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ರೆಟಿನಾ) ಕಳಚಿದ್ದಕ್ಕಾಗಿ ಐದು ತಿಂಗಳ ಹಿಂದೆ ನಿಮ್ಮ ತಂದೆಯವರ ಕಣ್ಣಿಗೆ ಸಿಲಿಕಾನ್ ಎಣ್ಣೆ ತುಂಬಿಸಿದ್ದಾರೆ, ಈಗ ನೋವಾಗಲಿ ಕೆಂಪಾಗಲಿ ಇಲ್ಲ, ಹೀಗಿರುವಾಗ ಎಣ್ಣೆ ತೆಗೆಸಲು ಮತ್ತೊಂದು ಶಸ್ತ್ರಚಿಕಿತ್ಸೆ ಏಕೆ ಎಂದು ಕೇಳಿದ್ದೀರಿ. ಅಕ್ಷಿಪಟಲದ ಚಿಕಿತ್ಸೆಯೇ ನನ್ನ ದಿನನಿತ್ಯದ ಕೆಲಸ. ನೋವಿಲ್ಲವೆಂಬುದು ಎಣ್ಣೆಯನ್ನು ಒಳಗೇ ಬಿಡಲು ಕಾರಣವಾಗಲಾರದು. ಪಟಲ ಭದ್ರವಾಗಿ ಅಂಟಿಕೊಂಡಿದೆಯೇ ಎಂಬುದನ್ನೇ ಮೊದಲು ನೋಡಬೇಕು.

ಕಳಚಿದ ಪಟಲವನ್ನು ಸಿಲಿಕಾನ್ ಎಣ್ಣೆಯಿಂದ ಒತ್ತಿ ಹಿಡಿಯುವ ಪದ್ಧತಿಯನ್ನು 1962ರಲ್ಲಿ ಅಮೆರಿಕದಲ್ಲಿ ಪಾಲ್ ಸಿಬಿಸ್ ಎಂಬ ವೈದ್ಯರು ಬಳಕೆಗೆ ತಂದರು. ಎಣ್ಣೆಯ ಬದಲು ಅನಿಲ ತುಂಬಿದರೆ ಅದು ಕೆಲವು ವಾರಗಳಲ್ಲಿ ತಾನೇ ಕರಗಿಹೋಗುತ್ತದೆ, ಎಣ್ಣೆ ಕರಗುವುದಿಲ್ಲ. ಪಟಲದ ಮೇಲೆ ಗಾಯದ ಪೊರೆ ಬೆಳೆದು ಎಳೆಯುತ್ತಿರುವ ಕಠಿಣ ಕಣ್ಣುಗಳಲ್ಲಿ ಅದೇ ಅನುಕೂಲ, ಮುಂದೆ ಅದೇ ತೊಡಕು.

ಆ ತೊಡಕುಗಳಲ್ಲಿ ನಾನು ಹೆಚ್ಚು ಹೆದರುವುದು ಕಣ್ಣಿನ ಒತ್ತಡಕ್ಕೆ. ಮೊದಲ ದಿನಗಳಲ್ಲಿ ಅದು ಏರಿದರೆ ಎಣ್ಣೆ ಹೆಚ್ಚಾಗಿ ತುಂಬಿರಬಹುದು, ಉರಿಯೂತವಿರಬಹುದು, ಸ್ಟೀರಾಯ್ಡ್ ಹನಿಗಳಿಗೆ ಕಣ್ಣು ಹಾಗೆ ಸ್ಪಂದಿಸುತ್ತಿರಬಹುದು, ಇಲ್ಲವೇ ಎಣ್ಣೆಯು ಪಾಪೆಯನ್ನು ಮುಚ್ಚಿ ಒಳನೀರಿನ ಹರಿವನ್ನು ತಡೆದಿರಬಹುದು. ಮಸೂರವೇ ಇಲ್ಲದ ಕಣ್ಣಿನಲ್ಲಿ ಈ ಕೊನೆಯ ಅಪಾಯ ಹೆಚ್ಚು. ಎಣ್ಣೆ ನೀರಿಗಿಂತ ಹಗುರವಾಗಿ ಮೇಲೆ ತೇಲುವುದರಿಂದ, ಅಂತಹವರಿಗೆ ಪಾಪೆಯ ಸುತ್ತಲಿನ ಬಣ್ಣದ ವರ್ತುಲವಾದ ಐರಿಸ್‌ನ ಕೆಳಭಾಗದಲ್ಲಿ, ಗಡಿಯಾರದ ಆರು ಗಂಟೆಯ ಸ್ಥಾನದಲ್ಲಿ, ಒಂದು ಸಣ್ಣ ರಂಧ್ರ ಮಾಡಿ ನೀರಿಗೆ ದಾರಿ ಬಿಡುತ್ತೇವೆ. ತಿಂಗಳುಗಳ ನಂತರದ ಏರಿಕೆಯ ಬಗೆಯೇ ಬೇರೆ. ಸಾರನ್ನು ಜೋರಾಗಿ ಕಲಕಿದಾಗ ಮೇಲಿನ ಎಣ್ಣೆ ಸಣ್ಣ ಸಣ್ಣ ಹನಿಗಳಾಗುವಂತೆ, ಕಣ್ಣು ಆಡಿದ ಹಾಗೆಲ್ಲ ಒಳಗಿನ ಎಣ್ಣೆಯೂ ಒಡೆಯುತ್ತದೆ, ಆ ಹನಿಗಳು ಒಳನೀರು ಹೊರಹೋಗುವ ಜಾಲರಿಯಲ್ಲಿ ಸೇರಿಕೊಳ್ಳುತ್ತವೆ. ಹೆಚ್ಚು ಮಂದವಾದ 5000 ಸೆಂಟಿಸ್ಟೋಕ್ಸ್ (ದ್ರವದ ಮಂದತೆಯ ಅಳತೆ) ಎಣ್ಣೆ 1000ದ ಎಣ್ಣೆಗಿಂತ ನಿಧಾನವಾಗಿ ಒಡೆಯುತ್ತದೆ, ಆದರೆ ತುಂಬುವುದೂ ತೆಗೆಯುವುದೂ ಕಷ್ಟ. ಜಾಲರಿ ಕೆಟ್ಟ ಮೇಲೆ ಎಣ್ಣೆ ತೆಗೆದರೂ ಒತ್ತಡ ಇಳಿಯದೆ, ದೃಷ್ಟಿನರವನ್ನು ಹಾಳುಮಾಡುವ ಗ್ಲಾಕೋಮಾ ಉಳಿದುಬಿಡಬಹುದು. ಇದೆಲ್ಲ ನೋವಿಲ್ಲದೆಯೇ ನಡೆಯಬಲ್ಲದು, ಆದ್ದರಿಂದ ತಂದೆಯವರ ಒತ್ತಡವನ್ನು ಅಳತೆ ಮಾಡಿಯೇ ತಿಳಿಯಬೇಕು.

ಸ್ವಂತ ಮಸೂರ ಉಳಿದಿರುವ ಕಣ್ಣಿನಲ್ಲಿ ಆ ಮಸೂರ ಮಂಜಾಗಿ ಪೊರೆ (ಕ್ಯಾಟರಾಕ್ಟ್) ಬರುವುದು ಬಹುತೇಕ ಖಚಿತ, ಅದಕ್ಕೆ ಗಾಬರಿ ಬೇಡ. ಎಣ್ಣೆ ಮುಂಭಾಗಕ್ಕೆ ಬಂದು, ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾಕ್ಕೆ ತಾಗುತ್ತಿದ್ದರೆ ಮಾತ್ರ ತಡಮಾಡಬಾರದು, ಏಕೆಂದರೆ ಕಾರ್ನಿಯಾ ಮಸುಕಾದರೆ ಮರಳಿ ತಿಳಿಯಾಗುವುದು ಕಷ್ಟ.

ಹಾಗೆಂದು ತೆಗೆಯುವುದು ಅಪಾಯರಹಿತವೂ ಅಲ್ಲ. ಆಸರೆ ಹೋದೊಡನೆ ಕೆಲವರಲ್ಲಿ ಪಟಲ ಮತ್ತೆ ಕಳಚುತ್ತದೆ, ಕೆಲವರಲ್ಲಿ ಒತ್ತಡ ಅತಿಯಾಗಿ ಕುಸಿಯುತ್ತದೆ, ಅಪರೂಪಕ್ಕೆ ಎಲ್ಲವೂ ಸರಿಯಿದ್ದಂತೆ ಕಂಡರೂ ದೃಷ್ಟಿ ಇಳಿಯುತ್ತದೆ; ಎಣ್ಣೆ ಒಳಗಿರುವಾಗಲೂ ಹಾಗಾಗುವುದುಂಟು, ಅದರ ಕಾರಣ ಇನ್ನೂ ಪೂರ್ತಿ ಬಿಡಿಸಿಲ್ಲ. ಪಟಲ ಅಂಟಿಕೊಂಡಿದ್ದರೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳೊಳಗೆ ತೆಗೆಯುತ್ತೇವೆ. ಹಲವು ಬಾರಿ ಕಳಚಿದ, ಅದೊಂದೇ ದೃಷ್ಟಿಯಿರುವ, ಅಥವಾ ಎಣ್ಣೆಯಿಲ್ಲದೆ ಕುಗ್ಗಿಹೋಗುವ ಕಣ್ಣಿನಲ್ಲಿ ಅದನ್ನು ಹಾಗೆಯೇ ಬಿಡುವುದೂ ಸರಿಯಾದ ನಿರ್ಧಾರವೇ. ನಿಮ್ಮ ತಂದೆಯವರು ಈ ಗುಂಪಿಗೆ ಸೇರುತ್ತಾರೆಯೇ ಎಂದು ಶಸ್ತ್ರಚಿಕಿತ್ಸೆ ಮಾಡಿದವರನ್ನೇ ಕೇಳಿ. ಸೇರದಿದ್ದರೆ ನಾನಾಗಿದ್ದರೆ ತೆಗೆಸುತ್ತಿದ್ದೆ.

ಪೊರೆಯನ್ನೂ ಅದೇ ಸಮಯದಲ್ಲಿ ತೆಗೆಯುವುದಾದರೆ ಮಸೂರದ ಅಳತೆಯ ಬಗ್ಗೆ ಎಚ್ಚರವಿರಲಿ. ಶಬ್ದದ ಅಲೆ ಈ ಎಣ್ಣೆಯಲ್ಲಿ ನಿಧಾನವಾಗಿ ಸಾಗುವುದರಿಂದ, ಸರಿಪಡಿಸದ ಅಲ್ಟ್ರಾಸೌಂಡ್ ಅಳತೆಯಲ್ಲಿ ಕಣ್ಣು ಇರುವುದಕ್ಕಿಂತ ಉದ್ದವಾಗಿ ತೋರುತ್ತದೆ. ಬೆಳಕಿನಿಂದ ಅಳೆಯುವ ಯಂತ್ರ ಹೆಚ್ಚು ನಂಬಿಕೆಗೆ ಅರ್ಹ. ಕೂರಿಸುವ ಮಸೂರ ಅಕ್ರಿಲಿಕ್‌ನದಾಗಿರಲಿ, ಏಕೆಂದರೆ ಸಿಲಿಕಾನ್ ಮಸೂರಕ್ಕೆ ಈ ಎಣ್ಣೆ ಅಂಟಿಕೊಂಡರೆ ಬಿಡಿಸುವುದು ಬಹಳ ಕಷ್ಟ.