ಯಾರಿಗೆ ಅಲ್ಲ ಅನ್ನೋದನ್ನೂ ಹೇಳಿ

ಹೋದ ತಿಂಗಳು ಈ ಅಂಕಣದಲ್ಲಿ ಆರೋಗ್ಯದ ಪಾಡ್‌ಕಾಸ್ಟ್‌ಗಳ ಬಗ್ಗೆ ಎರಡು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರ ಎಷ್ಟಿವೆ ಅಂದರೆ, ಈ ಸಲ ಪೂರ್ತಿ ಜಾಗ ಅದಕ್ಕೇ ಕೊಟ್ಟಿದ್ದೇನೆ. ಪಾಡ್‌ಕಾಸ್ಟ್ ಅಂದರೇನು ಎಂದು ಕೇಳಿದವರಿಗೆ ಇಷ್ಟೇ: ಫೋನಿನಲ್ಲಿ ನಮಗೆ ಬೇಕಾದಾಗ ಹಾಕಿಕೊಂಡು ಕೇಳುವ ರೇಡಿಯೊ ಕಾರ್ಯಕ್ರಮ ಅಂದುಕೊಳ್ಳಿ.

ಮೇಡಂ, ನಾನು ಬೆಂಗಳೂರಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಎಂ.ಡಿ. ಮಾಡುತ್ತಿದ್ದೇನೆ. ನಮ್ಮ ವಿಭಾಗದ ಸಂಶೋಧನೆಗೆ ಕೋಲಾರ, ರಾಮನಗರ, ತುಮಕೂರಿನ ಪೇಷಂಟುಗಳು ರಕ್ತ ಕೊಡುತ್ತಾರೆ, ಸಹಿ ಹಾಕುತ್ತಾರೆ. ಫಲಿತಾಂಶ ಮಾತ್ರ ಇಂಗ್ಲಿಷ್ ಜರ್ನಲ್‌ನಲ್ಲಿ ಬರುತ್ತದೆ. ಅವರಿಗೆ ತಿಳಿಯುವ ಹಾಗೆ ಕನ್ನಡದಲ್ಲಿ ಪಾಡ್‌ಕಾಸ್ಟ್ ಮಾಡಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ?
— ಪಿಜಿ ವಿದ್ಯಾರ್ಥಿ, ವಿಜಯನಗರ

ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು ಡಾಕ್ಟ್ರೇ. ರಕ್ತ ಕೊಟ್ಟವರಿಗೆ ಏನು ಗೊತ್ತಾಯಿತು ಅಂತ ಹೇಳುವ ಬಾಕಿ ನಮ್ಮೆಲ್ಲರ ಮೇಲೂ ಇದೆ. ಆದರೆ ಮೈಕ್ ಕೊಳ್ಳುವ ಮೊದಲು ನನ್ನಿಂದಾದ ಒಂದು ತಪ್ಪನ್ನು ಕೇಳಿ.

ನಾನೂ ಕೆಲವು ವರ್ಷಗಳಿಂದ ಕನ್ನಡದಲ್ಲಿ ವೈದ್ಯಕೀಯ ಸಂಶೋಧನೆಯ ಬಗ್ಗೆ ಪಾಡ್‌ಕಾಸ್ಟ್ ಮಾಡುತ್ತಿದ್ದೇನೆ. ಒಂದು ಸಲ ರಕ್ತ ತೆಳು ಮಾಡುವ ಆಸ್ಪಿರಿನ್ ಮಾತ್ರೆಯ ವಿಷಯ ತೆಗೆದುಕೊಂಡೆ. ಆಸ್ಪ್ರೀ ಅಂತ ಆಸ್ಟ್ರೇಲಿಯ ಮತ್ತು ಅಮೆರಿಕದಲ್ಲಿ ನಡೆದ ದೊಡ್ಡ ಅಧ್ಯಯನ, ಫಲಿತಾಂಶ 2018ರಲ್ಲಿ ಬಂತು. ಅದರಲ್ಲಿ 19,114 ಜನ, ಹೆಚ್ಚಿನವರು 70 ದಾಟಿದವರು, ಮತ್ತು ಅವರಿಗೆ ಹಿಂದೆ ಹಾರ್ಟ್ ಅಟ್ಯಾಕ್ ಆಗಲಿ ಲಕ್ವ ಆಗಲಿ ಹೊಡೆದಿರಲಿಲ್ಲ. ಅರ್ಧ ಜನಕ್ಕೆ ದಿನಾ 100 ಮಿಲಿಗ್ರಾಂ ಆಸ್ಪಿರಿನ್, ಉಳಿದರ್ಧಕ್ಕೆ ನೋಡಲು ಹಾಗೇ ಇರುವ, ಒಳಗೆ ಔಷಧಿ ಇಲ್ಲದ ಮಾತ್ರೆ. ಐದು ವರ್ಷದ ಹತ್ತಿರ ನೋಡಿದರು. ಆಸ್ಪಿರಿನ್ ನುಂಗಿದವರು ಆರೋಗ್ಯವಾಗಿ ಜಾಸ್ತಿ ದಿನ ಬದುಕಲಿಲ್ಲ. ಜೋರಾಗಿ ರಕ್ತಸ್ರಾವ ಆದವರು ಮಾತ್ರ ಆ ಗುಂಪಿನಲ್ಲಿ ಸಾವಿರಕ್ಕೆ 38, ಇನ್ನೊಂದರಲ್ಲಿ 28.

ಇದನ್ನೆಲ್ಲ ಸರಿಯಾಗೇ ಹೇಳಿದೆ. ‘ಮೊದಲು ಹೃದಯದ ತೊಂದರೆ ಇಲ್ಲದವರ ಮಾತು ಇದು’ ಅಂತಲೂ ಹೇಳಿದೆ, ಮೂರನೇ ನಿಮಿಷದಲ್ಲಿ, ಒಂದೇ ಒಂದು ಸಲ. ಎರಡು ವಾರ ಆದ ಮೇಲೆ ರಾಜಾಜಿನಗರದಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದಳು. ‘ನಮ್ಮ ಮಾವ ನಿಮ್ಮ ಕಾರ್ಯಕ್ರಮ ಕೇಳಿ ರಕ್ತ ತೆಳು ಮಾಡೋ ಮಾತ್ರೆ ನಿಲ್ಲಿಸಿಬಿಟ್ಟಿದ್ದಾರೆ’ ಅಂದಳು. ಅವರಿಗೆ ಸ್ಟೆಂಟ್, ಅಂದರೆ ಹೃದಯದ ರಕ್ತನಾಳ ಮುಚ್ಚದಂತೆ ಹಿಡಿಯುವ ಸಣ್ಣ ಕೊಳವೆ, ಹಾಕಿ ಎಂಟು ತಿಂಗಳಾಗಿತ್ತು. ಸ್ಟೆಂಟ್ ಇರುವವರು ಹಾಗೆ ತಾವಾಗೇ ಮಾತ್ರೆ ಬಿಟ್ಟರೆ ಅದರೊಳಗೇ ರಕ್ತ ಹೆಪ್ಪುಗಟ್ಟಬಹುದು, ಜೀವಕ್ಕೇ ಕುತ್ತು. ಅವರು ಅಡುಗೆಮನೆ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಾ ಕೇಳಿದ್ದರಂತೆ. ನಡುವೆ ಕುಕ್ಕರ್ ಕೂಗಿತು, ಎದ್ದು ಹೋಗಿ ಗ್ಯಾಸ್ ಆರಿಸಿ ಬಂದರು. ನನ್ನ ಆ ಒಂದು ಸಾಲು ಕುಕ್ಕರ್ ಸದ್ದಿನಲ್ಲಿ ಹೋಯಿತು. ಅವತ್ತೇ ಸಂಜೆ ಅವರ ಡಾಕ್ಟರು ಮತ್ತೆ ಮಾತ್ರೆ ಶುರು ಮಾಡಿಸಿದರು, ಏನೂ ಆಗಲಿಲ್ಲ. ನನಗೆ ಮಾತ್ರ ಎಷ್ಟೋ ರಾತ್ರಿ ನಿದ್ದೆ ಹತ್ತಲಿಲ್ಲ.

ಅವತ್ತಿನಿಂದ ನಾನು ಬರೆಯುವ ರೀತಿಯೇ ಬೇರೆಯಾಯಿತು. ಪುಸ್ತಕ ಓದುವವರು ಅನುಮಾನ ಬಂದರೆ ಹಾಳೆ ಹಿಂದಕ್ಕೆ ತಿರುಗಿಸುತ್ತಾರೆ. ಕಿವಿಗೆ ಆ ಅನುಕೂಲ ಇಲ್ಲ, ಕೈಯಲ್ಲಿ ಕೆಲಸ ಇರುವವರು ಹಿಂದಕ್ಕೆ ಹೋಗಿ ಕೇಳುವುದೂ ಇಲ್ಲ. ಅದಕ್ಕೇ ‘ಇದು ಯಾರಿಗೆ, ಯಾರಿಗೆ ಅಲ್ಲ’ ಅನ್ನುವುದನ್ನು ಫಲಿತಾಂಶ ಹೇಳುವ ಮೊದಲೇ ಹೇಳಿ. ಫಲಿತಾಂಶದ ಜೊತೆ ಅದೇ ಉಸಿರಿನಲ್ಲಿ ಇನ್ನೊಮ್ಮೆ ಹೇಳಿ. ಮುಗಿಸುವಾಗ ಮತ್ತೊಮ್ಮೆ ಹೇಳಿ. ಕೇಳಿದ್ದೇ ಕೇಳಿಸಿದಂತಾಗುತ್ತದೆ ಅಂತ ಸಂಕೋಚ ಬೇಡ. ಬರೆದದ್ದನ್ನು ನಿಮ್ಮ ವಾರ್ಡಿನ ಆಯಾಗೋ, ಮನೆಯಲ್ಲಿ ಅಮ್ಮನಿಗೋ ಓದಿ ಹೇಳಿ, ಹತ್ತು ನಿಮಿಷ ಬಿಟ್ಟು ‘ಏನು ಅರ್ಥ ಆಯ್ತು, ನೀವು ಹೇಳಿ’ ಅಂತ ಕೇಳಿ. ಅವರ ಬಾಯಲ್ಲಿ ಯಾವುದು ಬಿಟ್ಟುಹೋಯಿತೋ ಅಲ್ಲೇ ನಿಮ್ಮ ಬರವಣಿಗೆ ಸೋತಿದೆ.

ಇನ್ನೊಂದು. ನಿಮ್ಮ ವಿಭಾಗದ ಅಧ್ಯಯನ ಒಂದನ್ನೇ ಹೇಳಬೇಡಿ. ಅದೇ ವಿಷಯದಲ್ಲಿ ಬೇರೆಯವರಿಗೆ ಏನು ಸಿಕ್ಕಿದೆ ಅಂತಲೂ ನೋಡಿ. ಕಾಕ್ರೇನ್ ಅನ್ನುವ ಸಂಸ್ಥೆ 1993ರಿಂದ ಈ ಕೆಲಸ ಮಾಡುತ್ತಿದೆ, ಒಂದು ಚಿಕಿತ್ಸೆಯ ಬಗ್ಗೆ ಬಂದ ಅಧ್ಯಯನಗಳನ್ನೆಲ್ಲ ಕಲೆಹಾಕಿ, ತೂಗಿ ನೋಡಿ, ಸಾಮಾನ್ಯರ ಭಾಷೆಯಲ್ಲಿ ಸಾರಾಂಶ ಬರೆಯುತ್ತದೆ. ಚಿಕ್ಕ ಚಿಕ್ಕ ಪಾಡ್‌ಕಾಸ್ಟ್‌ಗಳನ್ನೂ ಮಾಡಿದ್ದಾರೆ. ಕೇಳಿ ನೋಡಿ, ಮಾತನ್ನು ಎಷ್ಟು ಹಿಡಿತದಲ್ಲಿ ಇಟ್ಟುಕೊಳ್ಳಬಹುದು ಅನ್ನುವುದು ತಿಳಿಯುತ್ತದೆ.

ನಾನು ಇಪ್ಪತ್ತು ವರ್ಷದಿಂದ ಮೆಡಿಕಲ್ ಸ್ಟೋರ್ ನಡೆಸುತ್ತಿದ್ದೇನೆ. 2021ರಲ್ಲಿ ಜನ ವಾಟ್ಸ್ಯಾಪ್ ತೋರಿಸಿ ಸ್ಟಿರಾಯ್ಡ್ ಮಾತ್ರೆ ಕೇಳುತ್ತಿದ್ದರು. ಈಗ ಪಾಡ್‌ಕಾಸ್ಟ್ ಕೇಳಿ ಬರುತ್ತಾರೆ. ಇಂಥವುಗಳಿಂದ ಅನುಕೂಲಕ್ಕಿಂತ ತೊಂದರೆಯೇ ಜಾಸ್ತಿ ಅಲ್ವಾ?
— ಔಷಧಿ ಅಂಗಡಿಯವರು, ಯಶವಂತಪುರ

ನಿಮ್ಮ ಕೌಂಟರ್ ಮುಂದೆ ನಿಂತು ನೋಡಿದರೆ ಹಾಗೇ ಅನ್ನಿಸುತ್ತದೆ, ಒಪ್ಪುತ್ತೇನೆ. ಆದರೆ ಆ ಸ್ಟಿರಾಯ್ಡ್ ಕಥೆಯನ್ನೇ ಸ್ವಲ್ಪ ಬಿಡಿಸಿ ನೋಡೋಣ. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಅಧ್ಯಯನದವರು ಡೆಕ್ಸಾಮೆಥಾಸೋನ್ ಅನ್ನುವ ಸ್ಟಿರಾಯ್ಡ್ ಬಗ್ಗೆ ಹೇಳಿದ್ದರಲ್ಲಿ ಮೂರು ಭಾಗ ಇತ್ತು. ವೆಂಟಿಲೇಟರ್ ಮೇಲಿದ್ದ ಕೋವಿಡ್ ರೋಗಿಗಳಲ್ಲಿ ಸಾವು ಮೂರನೇ ಒಂದು ಭಾಗ ಕಮ್ಮಿಯಾಯಿತು. ಬರೀ ಆಕ್ಸಿಜನ್ ಬೇಕಾದವರಲ್ಲಿ ಐದನೇ ಒಂದು ಭಾಗ ಕಮ್ಮಿಯಾಯಿತು. ಆಕ್ಸಿಜನ್ ಬೇಡದವರಿಗೆ ಏನೂ ಉಪಯೋಗ ಆಗಲಿಲ್ಲ. ಅಗ್ಗದ, ಹಳೇ ಔಷಧಿ, ಎಷ್ಟೋ ಜೀವ ಉಳಿಸಿತು. ಆದರೆ ನಮ್ಮ ಬೀದಿಗೆ ಬರುವಾಗ ಆ ಕೊನೆಯ, ಮೂರನೇ ಭಾಗ ದಾರಿಯಲ್ಲೇ ಬಿದ್ದುಹೋಗಿತ್ತು. ಎರಡನೇ ಅಲೆಯಲ್ಲಿ ಮನೆಯಲ್ಲೇ ಜ್ವರ ಇದ್ದವರೂ ನುಂಗಿದರು. ಶುಗರ್ ಹತೋಟಿಯಲ್ಲಿಲ್ಲದ ಮೈಗೆ ಸ್ಟಿರಾಯ್ಡೂ ಸೇರಿದರೆ ಬ್ಲ್ಯಾಕ್ ಫಂಗಸ್‌ಗೆ ಬಾಗಿಲು ತೆರೆದ ಹಾಗೆ. ಅದನ್ನು ನಾವೆಲ್ಲ ಕಣ್ಣಾರೆ ಕಂಡೆವು.

ಆ ಮೂರನೇ ಭಾಗವನ್ನು ಕನ್ನಡದಲ್ಲಿ, ಹತ್ತು ನಿಮಿಷ, ನಿಧಾನವಾಗಿ ಹೇಳುವವರು ಆಗ ಜಾಸ್ತಿ ಇದ್ದಿದ್ದರೆ? ನಾನು ಪದೇಪದೇ ಕೇಳಿಕೊಳ್ಳುವ ಪ್ರಶ್ನೆ ಇದು. ಗೊತ್ತಿರುವವರು ಸುಮ್ನೆ ಕೂತರೆ ಗೊತ್ತಿಲ್ಲದವರ ಕ್ಲಿಪ್ಪುಗಳೇ ಓಡಾಡುತ್ತವೆ. ನೀವೇ ಯೋಚನೆ ಮಾಡಿ, ನಿಮ್ಮ ಅಂಗಡಿಗೆ ಬರುವಷ್ಟು ಜನ ಯಾವ ಡಾಕ್ಟರ ಹತ್ತಿರವೂ ಹೋಗುವುದಿಲ್ಲ. ‘ಈ ಮಾತ್ರೆ ಚೀಟಿ ಇಲ್ಲದೆ ಯಾಕೆ ಕೊಡಲ್ಲ’ ಅಂತ ನೀವೇ ಐದು ನಿಮಿಷ ಮಾತಾಡಿದರೆ ನಾನು ನನ್ನ ಕಾರ್ಯಕ್ರಮದಲ್ಲಿ ಹಾಕುತ್ತೇನೆ. ನಿಜವಾಗಿ ಕರೆಯುತ್ತಿದ್ದೇನೆ.

ಒಂದು ಪಾಡ್‌ಕಾಸ್ಟ್‌ನಲ್ಲಿ ‘ಈ ಮಾತ್ರೆಯಿಂದ ಅಪಾಯ ದುಪ್ಪಟ್ಟು’ ಅಂದರು. ಎದೆ ಧಸಕ್ ಅಂತು. ನಾನು ಅದನ್ನೇ ತೆಗೆದುಕೊಳ್ಳುತ್ತಿದ್ದೇನೆ. ಬಿಡಬೇಕಾ?
— ಓದುಗಿ, ಬನಶಂಕರಿ

ನಿಮ್ಮ ಡಾಕ್ಟರನ್ನು ಕೇಳದೆ ಬಿಡಬೇಡಿ. ‘ದುಪ್ಪಟ್ಟು’ ಅಂದ ಕೂಡಲೇ ಕೇಳಬೇಕಾದ್ದು ‘ಎಷ್ಟಿದ್ದದ್ದು ಎಷ್ಟಾಯಿತು?’

1995ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನಲ್ಲಿ ಹೀಗೇ ಆಯಿತು. ಹೊಸ ಬಗೆಯ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ದುಪ್ಪಟ್ಟು ಅಂತ ಎಚ್ಚರಿಕೆ ಬಂತು. ಸುಳ್ಳೇನಲ್ಲ. ಆದರೆ ಲೆಕ್ಕ ಏನು? ಎಪ್ಪತ್ತು ಎಪ್ಪತ್ತು ಜನ ತುಂಬಿದ ನೂರು ಬಿಎಂಟಿಸಿ ಬಸ್ಸು ಮೆಜೆಸ್ಟಿಕ್‌ನಿಂದ ಸಾಲಾಗಿ ನಿಂತಿವೆ ಅಂದುಕೊಳ್ಳಿ. ಒಟ್ಟು ಏಳು ಸಾವಿರ ಹೆಂಗಸರು. ಹಳೇ ಮಾತ್ರೆಯಲ್ಲಿ ಆ ನೂರು ಬಸ್ಸಿಗೆ ಒಬ್ಬರಿಗೆ ಹೀಗಾಗುತ್ತಿತ್ತು, ಹೊಸದರಲ್ಲಿ ಇಬ್ಬರಿಗೆ. ಅಷ್ಟೇ. ಗಾಬರಿಯಾಗಿ ಎಷ್ಟೋ ಹೆಂಗಸರು ಮಾತ್ರೆ ಬಿಟ್ಟರು, ಬೇಡದ ಬಸಿರು ನಿಂತಿತು, ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತ ಜಾಸ್ತಿಯಾದವು ಅಂತ ಲೆಕ್ಕ ಹಾಕಿದ್ದಾರೆ. ಬಸಿರಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಗಿಂತಲೂ ಜಾಸ್ತಿ ಅನ್ನುವುದನ್ನು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ನಿಮ್ಮ ಮಾತ್ರೆಯ ಹೆಸರು, ಪಾಡ್‌ಕಾಸ್ಟ್‌ನ ಹೆಸರು ಎರಡನ್ನೂ ಚೀಟಿಯಲ್ಲಿ ಬರೆದುಕೊಂಡು ಡಾಕ್ಟರ ಹತ್ತಿರ ಹೋಗಿ. ‘ನನ್ನಂಥವರು ಸಾವಿರ ಜನ ಇದನ್ನು ತೆಗೆದುಕೊಂಡರೆ ಎಷ್ಟು ಜನಕ್ಕೆ ತೊಂದರೆ, ಬಿಟ್ಟರೆ ಎಷ್ಟು ಜನಕ್ಕೆ?’ ಅಂತ ಕೇಳಿ. ಕೇಳುವುದು ನಿಮ್ಮ ಹಕ್ಕು.

ಅಪ್ಪನಿಗೆ 64, ಶುಗರ್ ಬಂದು ಹದಿನಾಲ್ಕು ವರ್ಷ. ದಿನಾ ವಾಕಿಂಗ್‌ನಲ್ಲಿ ಒಂದು ಪಾಡ್‌ಕಾಸ್ಟ್ ಕೇಳುತ್ತಾರೆ. ‘ಊಟ ಬದಲಾಯಿಸಿದರೆ ಶುಗರ್ ಹೋಗುತ್ತೆ, ವಿದೇಶದಲ್ಲಿ ಸಾಬೀತಾಗಿದೆ’ ಅಂತ ಹೇಳಿ, ಕೊನೆಗೆ ಒಂದು ಪುಡಿ ಮಾರುತ್ತಾರೆ. ಅಪ್ಪ ಪುಡಿ ತರಿಸಿದ್ದಾರೆ. ಹೇಳಿದರೆ ಜಗಳ.
— ಮಗ, ಕೆಂಗೇರಿ

ಜಗಳ ಆಡಬೇಡಿ. ಅವರ ಜೊತೆ ವಾಕಿಂಗ್ ಹೋಗಿ, ಒಂದು ಕಿವಿಯ ಇಯರ್‌ಫೋನ್ ನೀವು ಹಾಕಿಕೊಳ್ಳಿ. ಅಪ್ಪ ಕೇಳಿದ್ದರಲ್ಲಿ ಅರ್ಧ ನಿಜ ಇರುವುದರಿಂದ, ‘ಎಲ್ಲಾ ಸುಳ್ಳು’ ಅಂದರೆ ನಿಮ್ಮ ಮಾತು ನಿಲ್ಲುವುದಿಲ್ಲ.

ನಿಜ ಯಾವುದು ಅಂದರೆ ಬ್ರಿಟನ್ನಿನ ಡೈರೆಕ್ಟ್ ಅಧ್ಯಯನ, 2017ರಲ್ಲಿ ಬಂದದ್ದು. ಕೆಲವು ತಿಂಗಳು ತುಂಬಾ ಕಡಿಮೆ ಕ್ಯಾಲರಿಯ ಆಹಾರ ಕೊಟ್ಟು ತೂಕ ಇಳಿಸಿದರು. ಒಂದು ವರ್ಷದ ಹೊತ್ತಿಗೆ ಆ ಗುಂಪಿನಲ್ಲಿ ನೂರಕ್ಕೆ 46 ಜನರ ಶುಗರ್ ಮಾತ್ರೆ ಇಲ್ಲದೇ ಹತೋಟಿಯಲ್ಲಿತ್ತು. ದೊಡ್ಡ ಸುದ್ದಿಯೇ. ಆದರೆ ಯಾರಿಗೆ? ಶುಗರ್ ಬಂದು ಆರು ವರ್ಷದೊಳಗಿನವರಿಗೆ, ಇನ್ಸುಲಿನ್ ತೆಗೆದುಕೊಳ್ಳದವರಿಗೆ, ಅದೂ ಡಾಕ್ಟರು ನರ್ಸುಗಳು ನೋಡಿಕೊಳ್ಳುತ್ತಿರುವಾಗ. ನಿಮ್ಮ ಅಪ್ಪನಿಗೆ ಹದಿನಾಲ್ಕು ವರ್ಷ ಆಗಿದೆ. ತೂಕ ಇಳಿದರೆ ಅವರಿಗೂ ಒಳ್ಳೆಯದೇ, ಆದರೆ ಆ 46 ಅವರ ಲೆಕ್ಕ ಅಲ್ಲ. ಮತ್ತೆ ಆ ಅಧ್ಯಯನದಲ್ಲಿ ಪುಡಿಯ ಮಾತೇ ಇಲ್ಲ.

ಪುಡಿಯ ವಿಷಯಕ್ಕೆ ಬಂದರೆ ನನಗೆ ಸಿಟ್ಟು ಬರುತ್ತದೆ. ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದನ್ನು 1954ರಷ್ಟು ಹಿಂದೆಯೇ ಕಾನೂನು ನಿಷೇಧಿಸಿದೆ. ಒಳ್ಳೆಯ ಸಂಶೋಧನೆಯ ಹೆಸರು ಹೇಳಿ ನಂಬಿಕೆ ಗಳಿಸಿ, ಆ ನಂಬಿಕೆಯ ಮೇಲೆ ಡಬ್ಬಿ ಮಾರುವುದು ದೊಡ್ಡ ಮೋಸ. ಆ ಪುಡಿಯನ್ನು ಯಾರ ಮೇಲೆ, ಎಷ್ಟು ಜನರ ಮೇಲೆ ಪರೀಕ್ಷಿಸಿದ್ದಾರೆ, ಮನುಷ್ಯರ ಮೇಲೋ ಇಲಿಯ ಮೇಲೋ ಅಂತ ಅಪ್ಪನ ಕೈಯಲ್ಲೇ ಅವರಿಗೆ ಪತ್ರ ಬರೆಸಿ. ನಮ್ಮ ದೇಶದಲ್ಲಿ ಔಷಧಿ ಪರೀಕ್ಷೆಗಳನ್ನು ನಮೂದಿಸುವ ಸರ್ಕಾರಿ ದಾಖಲೆ ಸಿಟಿಆರ್‌ಐ 2007ರಿಂದ ಇದೆ, ಯಾರು ಬೇಕಾದರೂ ತೆರೆದು ನೋಡಬಹುದು. ‘ಅಲ್ಲಿ ನಿಮ್ಮ ನೋಂದಣಿ ಸಂಖ್ಯೆ ಎಷ್ಟು’ ಅಂತಲೂ ಕೇಳಲಿ. ಅಷ್ಟರಲ್ಲಿ ಒಂದು ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ, ಎರಡು ಮೂರು ತಿಂಗಳ ಸರಾಸರಿ ಶುಗರ್ ಗೊತ್ತಾಗುತ್ತದೆ. ಮಾತ್ರೆ ನಿಲ್ಲಿಸಿದ್ದರೆ ಮಾತ್ರ ಕಾಯಬೇಡಿ, ಇವತ್ತೇ ಡಾಕ್ಟರಿಗೆ ತೋರಿಸಿ.

ಕನ್ನಡದಲ್ಲಿ ವೈದ್ಯಕೀಯ ಹೇಳಲು ಪದಗಳೇ ಇಲ್ಲ ಅಂತಾರಲ್ಲ?
— ಕಾಲೇಜು ಉಪನ್ಯಾಸಕ, ಹನುಮಂತನಗರ

ವೈದ್ಯೆಯೂ ಲೇಖಕಿಯೂ ಆಗಿದ್ದ ಡಾ. ಅನುಪಮಾ ನಿರಂಜನ ಅವರಿಗೆ ಪದ ಸಿಕ್ಕಿತ್ತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಮನಸ್ಸಿನ ಕಾಯಿಲೆಗಳ ಬಗ್ಗೆ ವರ್ಷಗಟ್ಟಲೆ ಕನ್ನಡದಲ್ಲಿ ಬರೆದರು, ಓದಿದವರಿಗೆ ಅರ್ಥವೂ ಆಯಿತು. ‘ಯಾದೃಚ್ಛಿಕ’ ಅಂದರೆ ಯಾರಿಗೂ ತಿಳಿಯುವುದಿಲ್ಲ, ‘ಚೀಟಿ ಎತ್ತಿ ಎರಡು ಗುಂಪು ಮಾಡಿದರು’ ಅಂದರೆ ಎಲ್ಲರಿಗೂ ತಿಳಿಯುತ್ತದೆ. ಬಿಪಿ, ಶುಗರ್, ಸ್ಕ್ಯಾನಿಂಗ್ ಇವೆಲ್ಲ ಕನ್ನಡವೇ ಆಗಿವೆ, ಹಾಗೇ ಬಿಡಿ. ನಿಜವಾಗಿ ಕಷ್ಟ ಕೊಡುವುದು ಗೊತ್ತಿದೆ ಅನ್ನಿಸುವ ಪದಗಳು. ‘ರಿಪೋರ್ಟ್ ಪಾಸಿಟಿವ್ ಬಂತು’ ಅಂದರೆ ಒಳ್ಳೇದಾಯಿತು ಅಂತ ನಗುನಗುತ್ತಾ ಹೊರಗೆ ಬಂದವರನ್ನು ನಾನು ನೋಡಿದ್ದೇನೆ. ಅಂಥ ಕಡೆ ‘ರೋಗ ಇದೆ ಅಂತ ಬಂತು’ ಅಂತಲೇ ಹೇಳಬೇಕು.

ರೆಕಾರ್ಡಿಂಗ್‌ಗೆ ಸ್ಟುಡಿಯೊ ಬೇಕಾ? ಎಷ್ಟು ಹೊತ್ತು ಇರಬೇಕು?
— ಆಶಾ ಕಾರ್ಯಕರ್ತೆ, ಆನೇಕಲ್

ಬೇಡ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು, ಅದರ ಮುಂದೆ ಫೋನ್ ಹಿಡಿದು ಮಾತಾಡಿ, ಸೀರೆಗಳು ಪ್ರತಿಧ್ವನಿ ಹೀರಿಕೊಳ್ಳುತ್ತವೆ. ನೀರಿನ ಟ್ಯಾಂಕರ್ ಬರುವ ಹೊತ್ತು ತಪ್ಪಿಸಿ. ಮೈಸೂರಿನಲ್ಲಿ 1935ರಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿ ರೇಡಿಯೊ ಕೇಂದ್ರ ಶುರು ಮಾಡಿದ್ದೂ ತಮ್ಮ ಮನೆಯಲ್ಲೇ. ಹದಿನೈದು ನಿಮಿಷ ಸಾಕು. ಧ್ವನಿ ಫೈಲನ್ನು ಉಳಿಸುವಾಗ ಗುಣಮಟ್ಟ 64 ಕೆಬಿಪಿಎಸ್ ಅಂತ ಇಟ್ಟರೆ ಏಳು ಎಂಬಿ ಚಿಲ್ಲರೆ ಆಗುತ್ತದೆ, ಡೇಟಾ ಕಮ್ಮಿ ಇರುವವರಿಗೂ ಇಳಿಯುತ್ತದೆ. ನಿಮ್ಮಂಥವರು ಮಾಡಿದರೆ ಜನ ಖಂಡಿತ ಕೇಳುತ್ತಾರೆ, ಮನೆ ಮನೆಗೆ ಹೋದ ಧ್ವನಿ ನಿಮ್ಮದು.

ನನಗೆ ಸ್ತನ ಕ್ಯಾನ್ಸರ್ ಆಗಿತ್ತು, ಈಗ ಚಿಕಿತ್ಸೆ ಮುಗಿದಿದೆ. ಒಂದು ಪಾಡ್‌ಕಾಸ್ಟ್‌ನವರು ಸಂಶೋಧಕರ ಜೊತೆ ಕೂತು ಮಾತಾಡಲು ಕರೆದಿದ್ದಾರೆ. ಹೆಸರು ಹಾಕಲ್ಲ ಅಂತಾರೆ. ಹೋಗಲಾ ಅಕ್ಕಾ?
— ಓದುಗಿ, ಮಲ್ಲೇಶ್ವರ

ಮನಸ್ಸಿದ್ದರೆ ಹೋಗಮ್ಮ. ಅಂಕಿ ಅಂಶ ಹೇಳುವವರ ಪಕ್ಕದಲ್ಲಿ ಕಿಮೋ ತೆಗೆದುಕೊಂಡವರು ಇದ್ದರೆ ಕೇಳುವವರಿಗೆ ಧೈರ್ಯ ಬರುತ್ತದೆ. ಆದರೆ ಹೆಸರು ಹಾಕದಿದ್ದರೂ ಧ್ವನಿ ನಿನ್ನದೇ. ನಿನ್ನ ನಾದಿನಿ, ನಿನ್ನ ಆಫೀಸಿನವರು, ಎದುರು ಮನೆಯವರು ಮೊದಲ ಮಾತಿಗೇ ಗುರುತು ಹಿಡಿಯುತ್ತಾರೆ. ಅವರಿಗೆ ಗೊತ್ತಾದರೆ ಪರವಾಗಿಲ್ಲವಾ ಅಂತ ಮೊದಲು ಯೋಚಿಸು. ಹಾಕುವ ಮೊದಲು ಪೂರ್ತಿ ನನಗೆ ಕೇಳಿಸಬೇಕು, ಬೇಡ ಅಂದ ಭಾಗ ತೆಗೆಯಬೇಕು ಅಂತ ಬರವಣಿಗೆಯಲ್ಲಿ ತೆಗೆದುಕೋ. ಒಮ್ಮೆ ಹೊರಗೆ ಹೋದ ಧ್ವನಿಯನ್ನು ಎಲ್ಲರ ಫೋನಿನಿಂದ ವಾಪಸ್ ತರಲು ಆಗುವುದಿಲ್ಲ.

ನೀನು ತೆಗೆದುಕೊಂಡ ಔಷಧಿಯ ಹೆಸರು ಕೇಳಿದರೆ, ‘ನನ್ನ ಗಡ್ಡೆಯ ಬಗೆಗೆ ಇದು ಕೊಟ್ಟರು, ಎಲ್ಲರ ಗಡ್ಡೆಯೂ ಒಂದೇ ಥರ ಇರಲ್ಲ’ ಅಂತ ಸೇರಿಸಿ ಹೇಳು. ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗು. ಮಾತಾಡುತ್ತಾ ಅಳು ಬಂದರೆ ರೆಕಾರ್ಡಿಂಗ್ ನಿಲ್ಲಿಸಿ ಅನ್ನು, ನಿಲ್ಲಿಸುತ್ತಾರೆ.