ಅಪ್ಪನ ಅಂಬಾಸಿಡರ್‌ಗೆ ಕೀ ಇಲ್ಲ, ಬೀಗ ಒಡೆಸ್ಲಾ?

ಪ್ರಶ್ನೆ: ನಮಸ್ಕಾರ ಸಾರ್, ನಮ್ದು ತುಮಕೂರು ಹತ್ರ ಕ್ಯಾತ್ಸಂದ್ರ. ಅಪ್ಪ ತಗೊಂಡಿದ್ದ 78ನೇ ಇಸವಿ ಅಂಬಾಸಿಡರ್ ಮಾರ್ಕ್ 3 ಮನೆ ಹಿಂದಿನ ಶೆಡ್ಡಲ್ಲಿ ನಿಂತಿದೆ, ಅಪ್ಪ ಹೋದ್ಮೇಲೆ ಯಾರೂ ತೆಗ್ದಿಲ್ಲ, ಈಗ ರೆಡಿ ಮಾಡ್ಸೋಣ ಅಂದ್ರೆ ಕೀನೇ ಸಿಗ್ತಿಲ್ಲ, ಮನೆಯೆಲ್ಲ ಜಾಲಾಡಿದ್ವಿ. ಬಾಗಿಲು ಲಾಕ್ ಆಗಿಲ್ಲ, ಅದೊಂದು ಪುಣ್ಯ. ಒಬ್ಬ ಮೆಕ್ಯಾನಿಕ್ ಇಗ್ನಿಷನ್ ಬೀಗಕ್ಕೆ ಡ್ರಿಲ್ ಹೊಡ್ದು ತೆಗೀತೀನಿ ಅಂತಾನೆ, ಇನ್ನೊಬ್ರು ಡ್ಯಾಶ್‌ಬೋರ್ಡಲ್ಲಿ ತೂತು ಮಾಡಿ ಒಂದು ಸ್ವಿಚ್ಚು ಒಂದು ಪುಶ್ ಬಟನ್ ಕೂರಿಸಿದ್ರೆ ಮುಗೀತು ಅಂತಾರೆ. ಯಾವ್ದು ಮಾಡ್ಸಲಿ? ಆರ್‌ಸಿ ಇನ್ನೂ ಅಪ್ಪನ ಹೆಸರಲ್ಲೇ ಇದೆ.

ಉತ್ತರ: ಎರಡೂ ಬೇಡ, ದಯವಿಟ್ಟು. ಡ್ಯಾಶ್‌ಬೋರ್ಡಿಗೆ ಒಂದ್ಸಲ ತೂತು ಬಿದ್ರೆ ಅದನ್ನ ಮುಚ್ಚೋಕಾಗಲ್ಲ, ಪಶ್ಚಿಮ ಬಂಗಾಳದ ಉತ್ತರಪಾರಾ ಫ್ಯಾಕ್ಟರಿಯಲ್ಲಿ 2014ಕ್ಕೇ ಅಂಬಾಸಿಡರ್ ತಯಾರಿಕೆ ನಿಂತೋಯ್ತು, ಇನ್ನು ಒಳ್ಳೆ ಡ್ಯಾಶ್‌ಬೋರ್ಡ್ ಎಲ್ಲಿ ಹುಡುಕ್ತೀರ. ಕೀ ಕಳ್ದಿದೆ ಅಷ್ಟೇ, ಬೀಗ ಕೆಟ್ಟಿಲ್ಲ ಅಲ್ವಾ? ಹಾಗಿದ್ಮೇಲೆ ಆ ಬೀಗದೊಳಗೇ ನಿಮ್ಮ ಕೀ ಹಲ್ಲಿನ ಲೆಕ್ಕ ಪೂರ್ತಿ ಇದೆ, ಅದನ್ನ ಓದಬಲ್ಲ ಮನುಷ್ಯ ಬೇಕು ಅಷ್ಟೇ.

ಮೊದ್ಲು ಒಂದು ಟಾರ್ಚ್ ಹಿಡ್ಕೊಂಡು ಬೀಗದ ಮುಖವನ್ನ ಒದ್ದೆ ಬಟ್ಟೇಲಿ ಒರೆಸಿ ನೋಡಿ. ಬ್ರಿಟಿಷ್ ಮಾದರಿ ಹಳೇ ಗಾಡಿಗಳಲ್ಲಿ ಎಷ್ಟೋ ಸಲ ಅಲ್ಲೇ ಸಣ್ಣಕ್ಷರದಲ್ಲಿ ಕೀ ನಂಬರ್ ಪಂಚ್ ಮಾಡಿರ್ತಾರೆ, ಅದು ಸಿಕ್ಕಿದ್ರೆ ಅರ್ಧ ಕೆಲಸ ಆದಂಗೆ. ಸಿಗದಿದ್ರೆ ಹಳೇ ಗಾಡಿ ಬೀಗ ಗೊತ್ತಿರೋ ಕೀ ಮಾಡೋರನ್ನ ಮನೆಗೇ ಕರೆಸಿ. ಅವರು ಹಲ್ಲಿಲ್ಲದ ಖಾಲಿ ಕೀ ಒಂದನ್ನ ಒಳಗೆ ಹಾಕಿ ಸ್ವಲ್ಪ ಬಿಗಿಯಾಗಿ ತಿರುಗಿಸ್ತಾರೆ, ಹೊರಗೆ ತೆಗ್ದು ಬೆಳಕಿಗೆ ಹಿಡಿದ್ರೆ ಒಳಗಿನ ಹಿತ್ತಾಳೆ ಪ್ಲೇಟು ತಾಗಿದ ಕಡೆ ಕೂದಲೆಳೆಯಷ್ಟು ಗುರುತು ಬಿದ್ದಿರತ್ತೆ, ಅಲ್ಲಷ್ಟೇ ಅರ ಹಾಕಿ ಉಜ್ಜಿ ಮತ್ತೆ ಒಳಗೆ, ಮತ್ತೆ ತಿರುಗ್ಸೋದು, ಮತ್ತೆ ನೋಡೋದು, ಹಿಂಗೇ ಗುರುತು ಬೀಳೋದು ನಿಲ್ಲೋತನಕ. ಕೊನೇಲಿ ಕೀ ಸಲೀಸಾಗಿ ತಿರುಗತ್ತೆ. ತಾಳ್ಮೆ ಕೆಲಸ, ಅವಸರ ಪಡಿಸ್ಬೇಡಿ, ಕೇಳಿದಷ್ಟು ದುಡ್ಡು ಕೊಡಿ, ಈ ಕೈಕೆಲಸ ಬಲ್ಲೋರು ಕಮ್ಮಿ ಆಗ್ತಿದಾರೆ.

ಹಂಗೂ ಆಗ್ಲಿಲ್ಲ, ತುಕ್ಕು ಹಿಡ್ದು ಪ್ಲೇಟು ಕಚ್ಕೊಂಡಿದೆ ಅಂದ್ರೆ ಆಗ ಆ ಬೀಗ ಕೂತಿರೋ ಇಗ್ನಿಷನ್ ಸ್ವಿಚ್ಚನ್ನೇ ಬದಲಾಯಿಸೋಣ. ಬ್ಯಾಟರಿ ಇದ್ರೆ ಅರ್ಥ್ ಕಡೆ, ಅಂದ್ರೆ ಗಾಡಿ ಬಾಡಿಗೆ ವೈರ್ ಕೊಟ್ಟಿರೋ ಕಡೆ ಟರ್ಮಿನಲ್ ಮೊದ್ಲು ಬಿಚ್ಚಿ, ಆದ್ರೆ ಅರ್ಥ್ ಯಾವ್ದು ಅಂತ ಕಣ್ಣಲ್ಲಿ ನೋಡಿ, ಹಳೇ ಬ್ರಿಟಿಷ್ ಡಿಸೈನ್‌ಗಳಲ್ಲಿ ಪ್ಲಸ್ಸನ್ನ ಬಾಡಿಗೆ ಕೊಟ್ಟಿರೋದೂ ಉಂಟು, ಅಂದಾಜಲ್ಲಿ ಮಾಡ್ಬೇಡಿ. ಡ್ಯಾಶ್‌ಬೋರ್ಡ್‌ನಲ್ಲಿ ಕೂತಿರೋ ಈ ಥರ ಸ್ವಿಚ್‌ಗಳಿಗೆ ಸಾಮಾನ್ಯವಾಗಿ ಮುಂದೆ ಒಂದು ರಿಂಗ್ ಇರತ್ತೆ, ಅದರಲ್ಲಿ ಸಣ್ಣ ಕಚ್ಚು. ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೇಲಿ ಹೊಡೆದ್ರೆ ಜಾರಿ ಪೇಂಟ್ ಕೀಳತ್ತೆ, ಎರಡು ಮೂತಿ ಇರೋ ಟೂಲ್ ಮಾಡಿಸ್ಕೊಂಡು, ಒಂದು ಕೈ ಡ್ಯಾಶ್ ಹಿಂದೆ ಹಾಕಿ ಸ್ವಿಚ್ ಬಾಡಿ ತಿರುಗದಂಗೆ ಹಿಡ್ಕೊಂಡು ಬಿಚ್ಚಿ. ಸ್ವಿಚ್ ಹೊರಗೆ ಬಂದ್ಮೇಲೆ ಅದರ ಮೈ ಮೇಲೆ ಸೂಜಿ ಹೋಗೋವಷ್ಟು ತೂತು ಇದ್ಯಾ ನೋಡಿ, ಕೆಲವಕ್ಕೆ ಅಲ್ಲಿ ತಂತಿ ಚುಚ್ಚಿ ಒತ್ತಿದ್ರೆ ಬೀಗದ ಬ್ಯಾರಲ್, ಅಂದ್ರೆ ಕೀ ಹೋಗೋ ಕೊಳವೆ ಭಾಗ ಮಾತ್ರ ಈಚೆ ಬರತ್ತೆ, ಹೊಸ ಬ್ಯಾರಲ್ ಹಾಕಿದ್ರೆ ವೈರ್ ಮುಟ್ಟೋದೇ ಬೇಡ.

ಪೂರ್ತಿ ಸ್ವಿಚ್ ಬದಲಾಯಿಸೋದಾದ್ರೆ ವೈರ್ ಬಿಚ್ಚೋ ಮುಂಚೆ ಫೋನಲ್ಲಿ ಫೋಟೋ ತಗೊಳ್ಳಿ, ಒಂದೊಂದು ವೈರಿಗೂ ಟೇಪ್ ಸುತ್ತಿ ಬರೀರಿ. ಬ್ರಿಟಿಷ್ ಪದ್ಧತೀಲಿ ಕಂದು ವೈರ್ ಬ್ಯಾಟರಿ ಕಡೆಯಿಂದ ಬರೋದು, ಬಿಳಿ ಇಗ್ನಿಷನ್ ಕಾಯಿಲ್‌ಗೆ (ಪ್ಲಗ್ಗಿಗೆ ಕಿಡಿ ಕೊಡೋದು) ಹೋಗೋದು, ಬಿಳಿ ಮೇಲೆ ಕೆಂಪು ಗೆರೆ ಇರೋದು ಸೆಲ್ಫ್‌ಗೆ. ಆದ್ರೆ ಇಷ್ಟು ವರ್ಷದಲ್ಲಿ ಯಾವ್ಯಾವ ಎಲೆಕ್ಟ್ರಿಶಿಯನ್ ಯಾವ್ಯಾವ ಬಣ್ಣ ಹಾಕಿದಾರೋ, ಬಣ್ಣ ನಂಬಿ ಜೋಡಿಸ್ಬೇಡಿ, ಟೆಸ್ಟ್ ಬಲ್ಬ್ ಇಟ್ಟೇ ಖಾತ್ರಿ ಮಾಡ್ಕೊಳ್ಳಿ. ಹೊಸ ಸ್ವಿಚ್‌ನ ಪಾಯಿಂಟ್‌ಗಳು ಹಳೇದರ ಜಾಗದಲ್ಲೇ ಇರ್ತವೆ ಅಂತಾನೂ ಇಲ್ಲ. ಕೊನೇಲಿ ಆಫ್ ಮಾಡಿದಾಗ ಕಾಯಿಲ್‌ಗೆ ಕರೆಂಟ್ ನಿಜವಾಗ್ಲೂ ನಿಲ್ತದಾ ನೋಡಿ, ಎಂಜಿನ್ ಓಡದೆ ಸುಮ್ನೆ ಆನ್ ಇದ್ದು, ಆ ಹೊತ್ತಿಗೆ ಕಾಂಟ್ಯಾಕ್ಟ್ ಪಾಯಿಂಟ್ (ಕಾಯಿಲ್ ಕರೆಂಟನ್ನ ಕೊಟ್ಟು ಕಡಿಯೋ ಪುಟ್ಟ ಸ್ವಿಚ್) ಮುಚ್ಚಿದ್ರೆ ಕಾಯಿಲ್ ಕಾದು ಸುಡತ್ತೆ. ಆ ಎರಡನೇ ಮೆಕ್ಯಾನಿಕ್ ಹೇಳೋ ಸ್ವಿಚ್ಚು ಬಟನ್ ನಂಗೆ ಹಿಡಿಸದೇ ಇರೋದು ಇದಕ್ಕೂ ಹೌದು, ಯಾರಾದ್ರೂ ಆನ್ ಮಾಡಿ ಮರೆತ್ರೆ ಗೊತ್ತೇ ಆಗಲ್ಲ, ಜೊತೆಗೆ ಯಾರು ಬೇಕಾದ್ರೂ ಗಾಡಿ ತಗೊಂಡು ಹೋಗ್ಬೋದು.

ಸ್ವಿಚ್‌ಗೆ ಬೆಂಗಳೂರಿನ ಜೆ.ಸಿ. ರೋಡ್ ಅಂಗಡಿಗಳಲ್ಲಿ ವಿಚಾರಿಸಿ, ಹಳೇ ಸ್ವಿಚ್ಚನ್ನ ಕೈಯಲ್ಲಿ ಹಿಡ್ಕೊಂಡೇ ಹೋಗಿ, ಬಾಯಲ್ಲಿ ಹೇಳಿದ್ರೆ ಬೇರೇನೋ ಕೊಡ್ತಾರೆ. ಮತ್ತೆ ಕೀ ಸಿಕ್ತು ಅಂತ ಆ ಕ್ಷಣವೇ ಸೆಲ್ಫ್ ಹೊಡೀಬೇಡಿ, ಹಳೇ ಪೆಟ್ರೋಲ್ ಇಳಿಸಿ, ಪ್ಲಗ್ ಬಿಚ್ಚಿ ಒಂಚೂರು ಆಯಿಲ್ ಬಿಟ್ಟು ಎಂಜಿನ್ ಕೈಯಲ್ಲಿ ತಿರುಗತ್ತಾ ನೋಡಿ.

ಆರ್‌ಸಿ ವಿಷಯ ಮುಂದೆ ಹಾಕ್ಬೇಡಿ. ಮಾಲೀಕರು ತೀರಿಕೊಂಡ್ರೆ 30 ದಿನದೊಳಗೆ ಆರ್‌ಟಿಓಗೆ ತಿಳಿಸಿ ಮೂರು ತಿಂಗಳೊಳಗೆ ಹೆಸರು ಬದಲಾವಣೆಗೆ ಫಾರಂ 31 ಅರ್ಜಿ ಕೊಡ್ಬೇಕು ಅಂತ ನಿಯಮ, ನಿಮ್ದು ಆ ಗಡುವು ದಾಟಿರ್ಬೋದು, ಆದ್ರೂ ಮರಣ ಪ್ರಮಾಣ ಪತ್ರ, ಆರ್‌ಸಿ ಹಿಡ್ಕೊಂಡು ತುಮಕೂರು ಆರ್‌ಟಿಓ ಆಫೀಸಿಗೆ ಹೋಗಿ ಕೇಳಿ. ಕೀ ಮಾಡೋರು ಆರ್‌ಸಿ ತೋರಿಸಿ ಅಂದ್ರೆ ಬೇಜಾರಾಗ್ಬೇಡಿ, ಕೇಳೋರೇ ಒಳ್ಳೆಯವರು.

ಪ್ರಶ್ನೆ: ಚಿಂತಾಮಣಿಯಿಂದ ಬರೀತಿದೀನಿ ಸಾರ್. ನನ್ನ ಪ್ರೀಮಿಯರ್ ಪದ್ಮಿನಿ ಕಾರು ಗುಂಡಿಗೆ ಬಿದ್ದಾಗೆಲ್ಲ ಎಂಜಿನ್ ಒಂದು ಕ್ಷಣ ಆಫ್ ಆಗತ್ತೆ, ಕೀ ಅಲ್ಲಾಡಿಸಿದ್ರೆ ಸರಿ ಹೋಗತ್ತೆ. ಬೀಗಕ್ಕೆ ಎಣ್ಣೆ ಬಿಡ್ಲಾ?

ಉತ್ತರ: ಎಣ್ಣೆ ಬೇಡ, ಧೂಳು ಸೇರಿ ಅಂಟಾಗತ್ತೆ, ಗ್ರಾಫೈಟ್ ಪುಡಿ ಹಾಕಿ. ಕೀ ಗೊಂಚಲಿನಿಂದ ಮನೆ ಬೀಗ, ಬೀರು ಬೀಗ ಎಲ್ಲ ತೆಗೀರಿ, ಆ ಭಾರಕ್ಕೇ ಒಳಗೆ ಸವೆಯತ್ತೆ. ಸವೆದ ಕೀ ನೋಡ್ಕೊಂಡು ಡೂಪ್ಲಿಕೇಟ್ ಮಾಡಿಸಿದ್ರೆ ಅದೂ ಸವೆದ ಕೀನೇ, ಬಳಸದೇ ಇಟ್ಟಿರೋ ಎರಡನೇ ಕೀ ಇದ್ರೆ ಅದನ್ನ ಕೊಟ್ಟು ಮಾಡಿಸಿ. ಆದ್ರೂ ಆಫ್ ಆಗ್ತಿದ್ರೆ ಸ್ವಿಚ್ ಹಿಂದಿನ ವೈರ್ ತುದಿ ಸಡಿಲ ಇದ್ಯಾ ನೋಡಿಸಿ, ಆಮೇಲಷ್ಟೇ ಹೊಸ ಸ್ವಿಚ್ ಮಾತು.